ವಾಲ್ವ್‌ಗೂ ಪರವಾನಗಿ: ರಫ್ತು ನಿಯಂತ್ರಣದ ತಪ್ಪು ಕಲ್ಪನೆ ಮತ್ತು ಸತ್ಯ

ತನ್ನ ನೆಲದಿಂದ ಹೊರಹೋಗುವ ಕೆಲವು ಸರಕು, ಯಂತ್ರಭಾಗ, ತಂತ್ರಾಂಶ ಮತ್ತು ತಾಂತ್ರಿಕ ಮಾಹಿತಿಗೆ ಮುಂಚಿತವಾಗಿ ಪರವಾನಗಿ ಪಡೆಯಬೇಕೆಂದು ಸರಕಾರವೊಂದು ವಿಧಿಸುವ ಕಟ್ಟಳೆಗಳಿಗೆ ರಫ್ತು ನಿಯಂತ್ರಣವೆಂದು ಹೆಸರು. ಕತಾರ್‌ನ ಅನಿಲ ಸ್ಥಾವರಗಳ ಖರೀದಿ ವಿಭಾಗಗಳಲ್ಲಿಯೂ ಸರಕು ಸಾಗಣೆಯ ಕಚೇರಿಗಳಲ್ಲಿಯೂ ದುಡಿಯುವ ಕನ್ನಡಿಗರ ಮೇಜಿನ ಮೇಲೆ ಈ ವ್ಯವಸ್ಥೆಯ ಕಾಗದಗಳು ಬಂದುಹೋಗುತ್ತಿರುತ್ತವೆ. ಆದರೂ ಅದರ ಬಗ್ಗೆ ಬೇರೂರಿರುವ ತಪ್ಪು ತಿಳಿವಳಿಕೆಗಳು ಕಡಿಮೆಯೇನಲ್ಲ.

ನಿಯಂತ್ರಣವೆಂಬುದು ಬಂದೂಕು, ಬಾಂಬು, ಕ್ಷಿಪಣಿಗಳಿಗೆ ಮಾತ್ರ ಸಂಬಂಧಿಸಿದ್ದು ಎಂಬುದು ಇವುಗಳಲ್ಲಿ ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ. ವಾಸ್ತವದಲ್ಲಿ ನಿಯಂತ್ರಿತ ವಸ್ತುಗಳ ಪಟ್ಟಿಗಳ ಬಹುಭಾಗವನ್ನು ತುಂಬಿರುವುದು ‘ಉಭಯ ಬಳಕೆ’ಯ ವಸ್ತುಗಳು, ಅಂದರೆ ನಾಗರಿಕ ಉದ್ಯಮಕ್ಕೂ ಶಸ್ತ್ರ ತಯಾರಿಕೆಗೂ ಒದಗಬಲ್ಲ ವಸ್ತುಗಳು. ಕತಾರ್‌ನ ರಾಸ್ ಲಫಾನ್‌ನಲ್ಲಿ ಸಮುದ್ರತಳದಿಂದ ಬರುವ ಅನಿಲದಲ್ಲಿ ಲೋಹವನ್ನು ತಿನ್ನುವ ಹೈಡ್ರೋಜನ್ ಸಲ್ಫೈಡ್ ಬೆರೆತಿರುವುದರಿಂದ, ಅಲ್ಲಿನ ಕೆಲವು ಕೊಳವೆಮಾರ್ಗಗಳಿಗೆ ನಿಕ್ಕಲ್ ಮಿಶ್ರಲೋಹದ ವಾಲ್ವ್‌ಗಳು ಬೇಕಾಗುತ್ತವೆ. ಸವೆತವನ್ನು ತಡೆದುಕೊಳ್ಳುವ ಇಂಥ ವಾಲ್ವ್ ವಿಷಾನಿಲ ತಯಾರಿಸುವ ಕಾರ್ಖಾನೆಗೂ ಅಷ್ಟೇ ಅಗತ್ಯವಾದದ್ದು. 1980ರ ದಶಕದ ಇರಾನ್-ಇರಾಕ್ ಯುದ್ಧದಲ್ಲಿ ಇರಾಕ್ ರಾಸಾಯನಿಕ ಅಸ್ತ್ರಗಳನ್ನು ಬಳಸಿದಾಗ, ಅವುಗಳ ಮೂಲವಸ್ತುಗಳಲ್ಲಿ ಹಲವು ಸಾಮಾನ್ಯ ವ್ಯಾಪಾರದ ದಾರಿಯಲ್ಲೇ ತಲುಪಿದ್ದವೆಂಬುದು ಬೆಳಕಿಗೆ ಬಂದಿತು. ಬಾಲ್‌ಪೆನ್ನಿನ ಶಾಯಿಗೆ ಸೇರಿಸುವ ಥಯೋಡೈಗ್ಲೈಕಾಲ್ ಎಂಬ ದ್ರವದಿಂದಲೇ ಸಾಸಿವೆ ಅನಿಲವನ್ನು ತಯಾರಿಸಬಹುದು. ಆ ಅನುಭವದಿಂದ 1985ರಲ್ಲಿ ರೂಪುಗೊಂಡದ್ದೇ ‘ಆಸ್ಟ್ರೇಲಿಯಾ ಗುಂಪು’ ಎಂಬ ದೇಶಗಳ ಕೂಟ. ಅದರ ಪಟ್ಟಿ ಎಲ್ಲ ವಾಲ್ವ್‌ಗಳನ್ನೂ ಹಿಡಿಯುವುದಿಲ್ಲ. ಅಳತೆ 10 ಮಿಲಿಮೀಟರ್ ಮೀರಿದ್ದು, ರಾಸಾಯನಿಕಕ್ಕೆ ತಾಗುವ ಒಳಮೈ ಗೊತ್ತುಪಡಿಸಿದ ವಸ್ತುಗಳಿಂದ, ಉದಾಹರಣೆಗೆ ಶೇಕಡ 25ಕ್ಕಿಂತ ಹೆಚ್ಚು ನಿಕ್ಕಲ್ ಮತ್ತು 20ಕ್ಕಿಂತ ಹೆಚ್ಚು ಕ್ರೋಮಿಯಂ ಇರುವ ಮಿಶ್ರಲೋಹದಿಂದ ಆಗಿದ್ದರೆ ಮಾತ್ರ ಅದು ನಿಯಂತ್ರಿತ ವಸ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾಲ್ವ್ ಕೂಡ ಈ ವ್ಯಾಖ್ಯೆಯೊಳಗೆ ಬರಬಹುದು. ಭಾರತ 2018ರ ಜನವರಿಯಲ್ಲಿ ಈ ಗುಂಪಿಗೆ ಸೇರಿರುವುದರಿಂದ, ಹುಬ್ಬಳ್ಳಿಯಲ್ಲಾಗಲಿ ಪೀಣ್ಯದಲ್ಲಾಗಲಿ ತಯಾರಾದ ಅಂಥ ವಾಲ್ವ್ ದೋಹಾಕ್ಕೆ ಹೊರಡುವ ಮೊದಲು ಭಾರತದ ‘ಸ್ಕೋಮೆಟ್’ ಪಟ್ಟಿಯನ್ನು ನೋಡಲೇಬೇಕು. ವಿಶೇಷ ರಾಸಾಯನಿಕ, ಜೀವಿ, ವಸ್ತು, ಉಪಕರಣ ಮತ್ತು ತಂತ್ರಜ್ಞಾನಗಳ ಈ ಪಟ್ಟಿಯ ಉಸ್ತುವಾರಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ್ದು.

ನಿಯಂತ್ರಣವೆಂದರೆ ನಿಷೇಧವೆಂದು ಭಾವಿಸುವವರೂ ಇದ್ದಾರೆ. 2017ರ ಜೂನ್ 5ರಂದು ಸೌದಿ ಅರೇಬಿಯ, ಸಂಯುಕ್ತ ಅರಬ್ ಎಮಿರೇಟ್ಸ್, ಬಹರೇನ್ ಮತ್ತು ಈಜಿಪ್ಟ್ ಕತಾರ್‌ನೊಡನೆ ಸಂಬಂಧ ಕಡಿದುಕೊಂಡಾಗ ಸೌದಿಯ ಭೂಗಡಿ ಮುಚ್ಚಿತು. ಇದರಿಂದಾಗಿ, ಜಗತ್ತಿನ ಹೀಲಿಯಂನ ಸುಮಾರು ಕಾಲು ಭಾಗವನ್ನು ಒದಗಿಸುತ್ತಿದ್ದ ಕತಾರ್‌ನ ಸ್ಥಾವರಗಳು ಕೆಲವು ವಾರ ನಿಂತುಹೋದವು. ಅದು ದಿಗ್ಬಂಧನ, ದೇಶವೊಂದನ್ನು ಮಣಿಸಲು ಹೂಡಿದ ರಾಜಕೀಯ ಒತ್ತಡ. ರಫ್ತು ನಿಯಂತ್ರಣ ಹಾಗಲ್ಲ: ಸರಕನ್ನು ಯಾರು, ಯಾವುದಕ್ಕೆ, ಎಲ್ಲಿ ಬಳಸುತ್ತಾರೆಂದು ಅದು ಕೇಳುತ್ತದೆ, ಉತ್ತರ ಸಮರ್ಪಕವಾಗಿದ್ದರೆ ಪರವಾನಗಿ ಕೊಡುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದರೆ ಪ್ರಾಮಾಣಿಕ ಖರೀದಿದಾರ ಕೂಡ ಅರ್ಜಿಯನ್ನು ಅವಮಾನವೆಂದು ಕಾಣುವ ಅಪಾಯವಿದೆ.

ಪರವಾನಗಿಯ ಷರತ್ತು ಶತ್ರುಗಳಿಗೆ ಮಾತ್ರವೆಂಬ ಊಹೆಯನ್ನು ಕತಾರ್‌ನ ಉದಾಹರಣೆಯೇ ಸುಳ್ಳಾಗಿಸುತ್ತದೆ. ಅಮೆರಿಕದ ಸೇನೆಗೆ ಅಲ್ ಉದೈದ್ ವಾಯುನೆಲೆಯಲ್ಲಿ ಜಾಗ ಕೊಟ್ಟಿರುವ ಈ ದೇಶವನ್ನು 2022ರಲ್ಲಿ ಅಮೆರಿಕವೇ ‘ನ್ಯಾಟೋ ಹೊರಗಿನ ಪ್ರಮುಖ ಮಿತ್ರರಾಷ್ಟ್ರ’ವೆಂದು ಘೋಷಿಸಿತು; ಆದರೆ ಮರುವರ್ಷ ಅಕ್ಟೋಬರ್‌ನಲ್ಲಿ, ಕೃತಕ ಬುದ್ಧಿಮತ್ತೆಗೆ ಬಳಸುವ ಉನ್ನತ ಚಿಪ್‌ಗಳ ರಫ್ತಿಗೆ ಪರವಾನಗಿ ಬೇಕಾದ ದೇಶಗಳಲ್ಲಿ ಅದೇ ಕತಾರ್ ಸೇರಿತು. ವಸ್ತುವು ಮೂರನೆಯವರ ಕೈಸೇರಬಹುದೆಂಬ ಆತಂಕವು ಸ್ನೇಹದಿಂದ ನಿವಾರಣೆಯಾಗುವಂಥದ್ದಲ್ಲ. ಆಸ್ಟ್ರೇಲಿಯಾ ಗುಂಪಿನಂಥ ಕೂಟಗಳಿಗೆ ಸೇರದ ದೇಶಕ್ಕೆ ಹೊಣೆಯೇ ಇಲ್ಲವೆಂಬ ಮಾತೂ ಸರಿಯಲ್ಲ. 2004ರ ಏಪ್ರಿಲ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 1540ನೆಯ ನಿರ್ಣಯವು ಸಾಮೂಹಿಕ ವಿನಾಶದ ಅಸ್ತ್ರಗಳಿಗೆ ಒದಗುವ ವಸ್ತುಗಳ ಮೇಲೆ ನಿಗಾ ಇಡಬೇಕೆಂದು ಕತಾರ್ ಸಹಿತ ಎಲ್ಲ ರಾಷ್ಟ್ರಗಳನ್ನೂ ಕಟ್ಟಿಹಾಕಿದೆ.

ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸಿದ್ದಷ್ಟೇ ರಫ್ತು ಎಂಬ ನಂಬಿಕೆ ಎಂಜಿನಿಯರುಗಳಲ್ಲಿಯೂ ಇದೆ. ಭಾರತದ ಕಾನೂನಿನ ಪ್ರಕಾರ ನಿಯಂತ್ರಿತ ಉಪಕರಣದ ವಿನ್ಯಾಸದ ನಕ್ಷೆಯನ್ನು ಬೆಂಗಳೂರಿನಿಂದ ದೋಹಾದ ಸಹೋದ್ಯೋಗಿಗೆ ಇ-ಮೇಲ್ ಮಾಡುವುದೂ ರಫ್ತೇ. ಸಾರ್ವಜನಿಕವಾಗಿ ಪ್ರಕಟವಾಗಿರುವ ಮಾಹಿತಿಗೆ ಈ ಕಟ್ಟು ಇಲ್ಲ.

ಹಣ ಕೊಟ್ಟು ಕೊಂಡಮೇಲೆ ವಸ್ತು ಕೊಂಡವನದೇ, ಅದನ್ನು ಯಾರಿಗೆ ಬೇಕಾದರೂ ದಾಟಿಸಬಹುದೆಂಬ ತಿಳಿವಳಿಕೆ ಎಲ್ಲಕ್ಕಿಂತ ಹಾನಿಕರವಾದದ್ದು. ಅಂತಿಮ ಬಳಕೆದಾರನು ಸಹಿ ಮಾಡಿಕೊಡುವ ಪ್ರಮಾಣಪತ್ರದಲ್ಲಿ, ಮೂಲದೇಶದ ಒಪ್ಪಿಗೆಯಿಲ್ಲದೆ ವಸ್ತುವನ್ನು ಬೇರೆಯವರಿಗೆ ಹಸ್ತಾಂತರಿಸುವುದಿಲ್ಲವೆಂಬ ವಾಗ್ದಾನ ಸಾಮಾನ್ಯವಾಗಿ ಇರುತ್ತದೆ; ಆ ಸಾಲನ್ನು ಓದದೆ ಸಹಿ ಮಾಡುವುದು ಸಣ್ಣ ತಪ್ಪಲ್ಲ. ಅಂಥ ವಾಗ್ದಾನ ಎಲ್ಲೋ ಮುರಿದುಬಿದ್ದುದರ ಭಾರವನ್ನು ಕತಾರ್ ಒಮ್ಮೆ ಅನುಭವಿಸಿದೆ. ಹೆಗಲ ಮೇಲಿಟ್ಟು ಹಾರಿಸುವ, ಅಮೆರಿಕ ನಿರ್ಮಿತ ಸ್ಟಿಂಗರ್ ಕ್ಷಿಪಣಿಗಳು ಅಮೆರಿಕದ ಅನುಮತಿಯಿಲ್ಲದೆ ಕತಾರ್‌ನ ಕೈಸೇರಿರುವುದು 1988ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದಿತು. ಅವುಗಳ ಬಗ್ಗೆ ವಿವರ ಕೊಡಲು ದೋಹಾ ಒಪ್ಪದಿದ್ದಾಗ ಅಮೆರಿಕದ ಸಂಸತ್ತು ಕತಾರ್‌ಗೆ ಶಸ್ತ್ರ ಮಾರಾಟವನ್ನೇ ತಡೆಹಿಡಿಯಿತು. 1990ರಲ್ಲಿ ಕತಾರ್ ಆ ಕ್ಷಿಪಣಿಗಳನ್ನು ನಾಶಪಡಿಸಿದ ಮೇಲಷ್ಟೇ ವಿವಾದ ಮುಗಿದು, 1992ರ ಜೂನ್‌ನಲ್ಲಿ ಎರಡೂ ದೇಶಗಳು ರಕ್ಷಣಾ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದವು.