ಒಬ್ಬ ರಕ್ಕಸಿ, ಇಬ್ಬರು ವೇಷಧಾರಿಗಳು

ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳ ಪೈಕಿ ಮಾಯೆಯ ಆಟ ಮೈತುಂಬಿಕೊಂಡಿರುವುದು ‘ಪಂಚವಟಿ’. ಶೂರ್ಪನಖಿ ಸುಂದರಿಯಾಗುತ್ತಾಳೆ, ಮಾರೀಚ ಹೊನ್ನಿನ ಜಿಂಕೆಯಾಗುತ್ತಾನೆ, ರಾವಣ ಸನ್ಯಾಸಿಯಾಗಿ ಭಿಕ್ಷೆಗೆ ನಿಲ್ಲುತ್ತಾನೆ. ತೋಳ್ಬಲಕ್ಕೆ ಹೆಸರಾದ ರಕ್ಕಸರು ಇಲ್ಲಿ ನಂಬುವುದು ರೂಪ ಬದಲಿಸುವ ವಿದ್ಯೆಯನ್ನು.

ಕಾಸರಗೋಡಿನ ತೆಂಕುತಿಟ್ಟು ಯಕ್ಷಗಾನ ಈ ವಿದ್ಯೆಗೆ ಒಂದು ಸೊಗಸಾದ ಉಪಾಯ ಕಂಡುಕೊಂಡಿದೆ. ಒಂದೇ ಪಾತ್ರಕ್ಕೆ ಇಬ್ಬರು ಕಲಾವಿದರು. ಮೊದಲು ಬರುವವಳು ನಿಜರೂಪದ ಶೂರ್ಪನಖಿ, ಅಂದರೆ ‘ಹೆಣ್ಣುಬಣ್ಣ’. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟಿನಿಂದ ಮುಖದ ಮೇಲೆ ಚುಟ್ಟಿ ಇಡಲು ವೇಷಧಾರಿ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕೂರಬೇಕು. ಬಳಿಕ ತೆರೆಯ ಹಿಂದಿನ ಅಬ್ಬರ, ಚೆಂಡೆಯ ಏರುಗತಿ, ದೊಂದಿಗೆ ಎರಚಿದ ರಾಳದ ಭಗ್ಗನೆಯ ಬೆಂಕಿ. ರಾಮನನ್ನು ಕಂಡು ಮನಸೋತ ಅವಳು ಮರೆಯಾಗುತ್ತಾಳೆ. ಆ ಜಾಗಕ್ಕೆ ಸ್ತ್ರೀವೇಷದ ಮಾಯಾ ಶೂರ್ಪನಖಿ ಬಳುಕುತ್ತ ಬರುತ್ತಾಳೆ. ಪೂತನಿಯ ಕಥೆಯಲ್ಲೂ ಹೀಗೆಯೇ.

ದೂರದ ಐಸ್‌ಲ್ಯಾಂಡಿನಲ್ಲಿ ಸುಮಾರು 1220ರಲ್ಲಿ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟ ನಾರ್ಸ್ ಪುರಾಣದಲ್ಲೂ ದೈತ್ಯರು ಮಾಯಾವಿಗಳೇ. ಉಟ್‌ಗಾರ್ಡದ ದೈತ್ಯರಾಜ ಗುಡುಗಿನ ದೇವ ಥೋರನಿಗೆ ಕುಡಿಯಲು ಕೊಟ್ಟ ಕೊಂಬಿನ ತುದಿ ಕಡಲಿನಲ್ಲಿತ್ತು. ಎಷ್ಟು ಹೀರಿದರೂ ಬರಿದಾಗಲಿಲ್ಲ. ಕುಸ್ತಿಗೆ ನಿಂತು ಅವನನ್ನು ಮಂಡಿಯೂರಿಸಿದ ಮುದುಕಿ ಬೇರಾರೂ ಅಲ್ಲ, ಮುಪ್ಪೇ.

ಆದರೆ ಆ ಗುಟ್ಟು ಬಯಲಾಗುವುದು ಮರುದಿನ, ದೈತ್ಯ ತಾನಾಗಿ ಹೇಳಿದಾಗ. ಅಲ್ಲಿಯವರೆಗೆ ಕೇಳುಗನೂ ಥೋರನ ಜೊತೆ ಮೋಸಹೋಗಿರುತ್ತಾನೆ. ಯಕ್ಷಗಾನದ ಪ್ರೇಕ್ಷಕನಿಗೆ ಗುಟ್ಟು ಮೊದಲೇ ಗೊತ್ತು. ಅವನ ಕುತೂಹಲವೆಲ್ಲ ಮಾತುಗಾರಿಕೆಯ ಮೇಲೆ: ಸುಂದರಿಯ ಬಾಯಲ್ಲಿ ರಕ್ಕಸಿಯ ಸೊಕ್ಕು ಎಲ್ಲಿ ಇಣುಕೀತು, ರಾಮ ಅದನ್ನು ಹೇಗೆ ಗುರುತಿಸಿಯಾನು? ಕಲಾವಿದರು ಆಗಿಂದಾಗಲೇ ಹೆಣೆಯುವ ‘ಅರ್ಥ’ದಲ್ಲಿ, ಅಂದರೆ ಮಾತಿನಲ್ಲಿ, ಈ ಪ್ರಶ್ನೆಗೆ ಪ್ರತಿ ರಾತ್ರಿ ಬೇರೆ ಉತ್ತರ ಸಿಗುತ್ತದೆ.

ಮೋಸ ರಕ್ಕಸರ ಸೊತ್ತು ಮಾತ್ರವೂ ಅಲ್ಲ. ಕದ್ದ ಸುತ್ತಿಗೆಯನ್ನು ಮರಳಿ ಪಡೆಯಲು ಥೋರ್ ಮದುಮಗಳಾಗಿ ದೈತ್ಯ ಥ್ರಿಮ್‌ನ ಮನೆಗೆ ಹೋದ. ನಮ್ಮ ವಿಷ್ಣು ಮೋಹಿನಿಯಾಗಿ ಭಸ್ಮಾಸುರನ ಕೈಯನ್ನು ಅವನದೇ ತಲೆಯ ಮೇಲೆ ಇರಿಸಿದ.

ಮತ್ತೆ ಯಕ್ಷಗಾನಕ್ಕೆ ಬಂದರೆ, ಕಾಲಮಿತಿಯ ಮೊಟಕು ಆಟಗಳಲ್ಲಿ ಬಣ್ಣದ ವೇಷದ ತೆರೆಯಬ್ಬರಕ್ಕೆ ಕತ್ತರಿ ಬೀಳುವುದುಂಟು. ಅದು ನಷ್ಟವೇ ಸರಿ. ನಿಜರೂಪದ ಭಯಂಕರತೆಯನ್ನು ಕಣ್ತುಂಬ ಕಾಣದವರಿಗೆ ಮಾಯಾರೂಪದ ಬೆಡಗು ಅರ್ಧವಷ್ಟೇ ದಕ್ಕುತ್ತದೆ. ಆಟ ಆಡಿಸುವವರು ಬೇರೆಲ್ಲಾದರೂ ಸಮಯ ಉಳಿಸಲಿ, ರಕ್ಕಸಿಯ ಪ್ರವೇಶವನ್ನು ಪೂರ್ತಿಯಾಗಿ ಉಳಿಸಿಕೊಡಲಿ.