ಹಲ್ಲಿ ಏಕೆ ಬೀಳುವುದಿಲ್ಲ?

ಸೂರಿಗೆ ತಲೆಕೆಳಗಾಗಿ ಅಂಟಿಕೊಂಡು ಹುಳಕ್ಕೆ ಹೊಂಚು ಹಾಕುವ ಹಲ್ಲಿಯನ್ನು ಕಂಡವರು ಅದರ ಅಂಗಾಲಿನಲ್ಲಿ ಗೋಂದೋ ಗಾಳಿ ಹೀರುವ ಬಟ್ಟಲೋ ಇರಬೇಕೆಂದು ಊಹಿಸುತ್ತಾರೆ. ಎರಡೂ ಇಲ್ಲ. ಅಂಟು ಸ್ರವಿಸುವ ಗ್ರಂಥಿ ಅಲ್ಲಿ ಸಿಕ್ಕಿಲ್ಲ. ಗಾಳಿ ತೆಗೆದ ನಿರ್ವಾತದಲ್ಲೂ ಆ ಕಾಲು ಹಿಡಿತ ಬಿಡದ ಕಾರಣ ಹೀರುಬಟ್ಟಲಿನ ಮಾತೂ ಬಿದ್ದುಹೋಗುತ್ತದೆ. ಸ್ನಾಯುಬಲ ಇರಬಹುದೇ ಎಂದರೆ, ಆಗಷ್ಟೇ ಸತ್ತ ಹಲ್ಲಿಯ ಕಾಲೂ ಜೀವಂತ ಹಲ್ಲಿಯದರಷ್ಟೇ ಬಿಗಿಯಾಗಿ ಹಿಡಿಯುತ್ತದೆಂದು 2014ರ ಪ್ರಯೋಗವೊಂದು ತೋರಿಸಿತು. ಉಳಿಯುವುದು ರಸಾಯನವಿಜ್ಞಾನದ ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ ಅತಿ ದುರ್ಬಲ ಸೆಳೆತ. ಗಟ್ಟಿ ಬಂಧಗಳಿಗೆ ಸಿಗುವ ಮರ್ಯಾದೆ ಅದಕ್ಕೆ ಸಿಕ್ಕಿಲ್ಲ. ಆದರೆ ಗಟ್ಟಿ ಬಂಧವನ್ನು ನೆಚ್ಚಿದ್ದರೆ ಹಲ್ಲಿ ಎರಡನೇ ಹೆಜ್ಜೆ ಇಡುತ್ತಲೇ ಇರಲಿಲ್ಲ.

ಗಟ್ಟಿ ಬಂಧಗಳ ವಿಚಾರ ಶಾಲೆಯಲ್ಲಿ ಓದಿದ್ದೇ. ಸೋಡಿಯಂ ಹೊರಕವಚದ ಒಂಟಿ ಇಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಟ್ಟರೆ ಉಪ್ಪು. ನೀರಿನಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕ ಇಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡಿರುತ್ತವೆ. ಕೊಡಲೂ ಹಂಚಲೂ ಒಪ್ಪದ ಆರ್ಗಾನ್ ಕತೆ ಏನು? ಹೊರಕವಚ ತುಂಬಿದ ಅದರ ಪರಮಾಣುಗಳಿಗೆ ಒಂದರ ಗೊಡವೆ ಇನ್ನೊಂದಕ್ಕೆ ಬೇಕಿಲ್ಲ. ಆದರೂ ಸೊನ್ನೆಗಿಂತ 186 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪಾಗಿಸಿದರೆ ಆರ್ಗಾನ್ ದ್ರವವಾಗುತ್ತದೆ; ಯಾವುದೋ ಸೆಳೆತ ಅವನ್ನೂ ಒಟ್ಟುಗೂಡಿಸುತ್ತದೆ ಎಂದಾಯಿತು. ಇಂಥ ಸೆಳೆತವನ್ನು 1873ರಲ್ಲೇ ಡಚ್ ವಿಜ್ಞಾನಿ ವ್ಯಾನ್ ಡರ್ ವಾಲ್ಸ್ ತಮ್ಮ ಅನಿಲ ಸಮೀಕರಣದೊಳಕ್ಕೆ ತಂದಿದ್ದರು. ಆರ್ಗಾನ್‌ನಂಥ ಪರಮಾಣುಗಳೂ ಸೆಳೆಯುವುದೇಕೆಂಬುದನ್ನು 1930ರಲ್ಲಿ ಫ್ರಿಟ್ಸ್ ಲಂಡನ್ ಕ್ವಾಂಟಂ ಸಿದ್ಧಾಂತದಿಂದ ಬಿಡಿಸಿದರು. ಸರಳವಾಗಿ ಹೇಳುವುದಾದರೆ, ಪರಮಾಣುವಿನ ಇಲೆಕ್ಟ್ರಾನ್ ಮೋಡ ಕ್ಷಣಕಾಲ ಒಂದು ಪಕ್ಕಕ್ಕೆ ವಾಲಿದಾಗ ಆ ಬದಿ ಋಣ, ಎದುರು ಬದಿ ಧನ. ನೆರೆಯ ಪರಮಾಣುವಿನ ಮೋಡವೂ ಅದಕ್ಕೆ ತಕ್ಕಂತೆ ವಾಲುತ್ತದೆ, ನಡುವೆ ಸೆಳೆತ ಹುಟ್ಟುತ್ತದೆ. ಇದು ತೀರ ಹತ್ತಿರದವರ ವ್ಯವಹಾರ: ಎರಡು ಪರಮಾಣುಗಳ ಅಂತರ ಇಮ್ಮಡಿಸಿದರೆ ಸೆಳೆತದ ಶಕ್ತಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹಾಗಾದರೆ ನಮ್ಮ ಅಂಗೈಯೂ ಪರಮಾಣುಗಳದೇ ತಾನೆ, ಅದೇಕೆ ಗೋಡೆಗೆ ಅಂಟದು? ಎಷ್ಟೇ ಒತ್ತಿದರೂ ಅಂಗೈ ಮತ್ತು ಗೋಡೆಯ ಉಬ್ಬುಗಳು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಕುತ್ತವೆ. ಉಳಿದೆಡೆ ಪರಮಾಣುವಿನ ಲೆಕ್ಕದಲ್ಲಿ ಕಂದಕ. ಹಲ್ಲಿ ಈ ತೊಡಕನ್ನು ಕೂದಲಿನಿಂದ ಪರಿಹರಿಸಿಕೊಂಡಿದೆ. ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಕಾಣುವ ಟೋಕೆ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಕೆರಾಟಿನ್ ರೋಮಗಳಿವೆ. ದಪ್ಪದಲ್ಲಿ ನಮ್ಮ ತಲೆಗೂದಲಿನ ಹತ್ತನೇ ಒಂದು ಪಾಲು. ಪ್ರತಿ ರೋಮದ ತುದಿ ನೂರಾರು ಸೀಳಾಗಿ, ಒಂದೊಂದು ಸೀಳು ಸುಮಾರು 200 ನ್ಯಾನೋಮೀಟರ್ ಅಗಲದ ಚಪ್ಪಟೆ ಎಲೆಯಾಗಿ ಮುಗಿಯುತ್ತದೆ. ಉಬ್ಬುತಗ್ಗಿನೊಳಗೆ ಇಳಿದು ಮೈಗೆ ಮೈ ತಾಕಿಸುವುದು ಈ ಎಲೆಗಳೇ. ಕೆಲರ್ ಆಟಮ್ ಮತ್ತು ಸಂಗಡಿಗರು 2000ದಲ್ಲಿ ಒಂದೇ ಒಂದು ರೋಮವನ್ನು ಎಳೆದು ಅಳೆದಾಗ ಅದು ಸುಮಾರು 200 ಮೈಕ್ರೋನ್ಯೂಟನ್ ತಡೆಯಿತು. ಎಲ್ಲ ರೋಮಗಳೂ ಒಟ್ಟಿಗೆ ಹಿಡಿದವೆಂದುಕೊಂಡರೆ ಒಂದು ಪಾದಕ್ಕೆ 100 ನ್ಯೂಟನ್, ಹೆಚ್ಚುಕಡಿಮೆ 10 ಕಿಲೋ ಭಾರ. ಅರ್ಧ ಕಿಲೋ ಕೂಡ ತೂಗದ ಪ್ರಾಣಿಗೆ ಇದು ದುಂದೇ ಸರಿ. ನಿಜಜೀವನದಲ್ಲಿ ಎಲ್ಲವೂ ಒಮ್ಮೆಗೇ ತಾಕುವುದಿಲ್ಲ ಎನ್ನಿ.

ಅಂಟಿಸುವುದು ಗೋಡೆಯ ಮೇಲಿನ ನೀರಿನ ತೆಳುಪೊರೆ ಎಂಬ ಆಕ್ಷೇಪ ಹಗುರವಾದುದಲ್ಲ. ಅದನ್ನು ಪರೀಕ್ಷಿಸಲು 2002ರಲ್ಲಿ ಅದೇ ತಂಡ ನೀರನ್ನು ಒಲ್ಲದ ಅರೆವಾಹಕ ಮತ್ತು ನೀರನ್ನು ಒಲಿಯುವ ಸಿಲಿಕಾ ಎರಡರ ಮೇಲೂ ಹಲ್ಲಿಯ ಬೆರಳಿಟ್ಟಿತು. ನೀರೇ ಕಾರಣವಾಗಿದ್ದರೆ ಮೊದಲನೆಯದರ ಮೇಲೆ ಹಿಡಿತ ಸಡಿಲಬೇಕಿತ್ತು, ಸಡಿಲಲಿಲ್ಲ. ತೇವವಿದ್ದಾಗ ಹಿಡಿತ ಹೆಚ್ಚುವುದನ್ನು ಆಮೇಲಿನ ಪ್ರಯೋಗಗಳು ಕಂಡಿವೆ ನಿಜ, ಆದ್ದರಿಂದ ನೀರಿಗೆ ಪಾತ್ರವೇ ಇಲ್ಲವೆನ್ನಲಾಗದು. ಅದು ಕೈಜೋಡಿಸುತ್ತದೆ, ಅಷ್ಟೆ. ನನಗೆ ಹೆಚ್ಚು ಮನವರಿಕೆಯಾಗುವ ಸಾಕ್ಷಿ ಟೆಫ್ಲಾನ್‌ನದು. ಒಣ ಟೆಫ್ಲಾನ್ ಮೇಲೆ ಹಲ್ಲಿ ಜಾರುತ್ತದೆ. ಅದರ ಮೈತುಂಬ ಇರುವ ಫ್ಲೋರಿನ್ ತನ್ನ ಇಲೆಕ್ಟ್ರಾನ್‌ಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದೆಯೆಂದರೆ ಮೋಡ ವಾಲುವುದೇ ಕಷ್ಟ. ವಾಲದಿದ್ದ ಮೇಲೆ ಸೆಳೆತ ಎಲ್ಲಿಂದ ಬರಬೇಕು?

ಇನ್ನು ಬಿಡಿಸಿಕೊಳ್ಳುವ ಪ್ರಶ್ನೆ. ಎರಡು ಇಂಗಾಲ ಪರಮಾಣುಗಳ ನಡುವಿನ ಬಂಧ ಮುರಿಯಲು ಮೋಲ್‌ಗೆ ಸುಮಾರು 350 ಕಿಲೋಜೂಲ್ ಬೇಕು. ಪಾದ ಅಂಥ ಬಂಧದಿಂದ ಗೋಡೆಯನ್ನು ಹಿಡಿದಿದ್ದರೆ ಹೆಜ್ಜೆ ಕಿತ್ತಾಗ ಚರ್ಮವೋ ಸುಣ್ಣವೋ ಹರಿದು ಬರಬೇಕಿತ್ತು. ದುರ್ಬಲ ಸೆಳೆತವಾದರೆ ಕೋನ ಬದಲಿಸಿದರೆ ಸಾಕು. ರೋಮ ಮತ್ತು ಗೋಡೆಯ ನಡುವಿನ ಕೋನ ಸುಮಾರು 30 ಡಿಗ್ರಿ ದಾಟುತ್ತಲೇ ಎಲೆಗಳು ಅಂಚಿನಿಂದ ಒಂದೊಂದಾಗಿ ಏಳುತ್ತವೆ, ಗಾಯದ ಮೇಲಿನ ಅಂಟುಪಟ್ಟಿಯನ್ನು ಮೂಲೆಯಿಂದ ಎತ್ತಿದ ಹಾಗೆ. ಹಲ್ಲಿ ಹೆಜ್ಜೆ ತೆಗೆಯುವ ಮುನ್ನ ಬೆರಳುಗಳನ್ನು ತುದಿಯಿಂದ ಹಿಂದಕ್ಕೆ, ನಮ್ಮ ಬೆರಳು ಮಡಚುವುದಕ್ಕೆ ತದ್ವಿರುದ್ಧವಾಗಿ ಸುರುಳಿಸುವುದು ಇದಕ್ಕಾಗಿಯೇ.