ಗಂಧದ ಮರಕ್ಕೆ ಕಾಸೆಷ್ಟು?

ಮಗರಪಟ್ಟಾದ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವ, ಸುತ್ತಣ ಹಡಪಸರದ ಹೋಟೆಲುಗಳಲ್ಲಿ ದುಡಿಯುವ ನಮ್ಮ ವಾಚಕ ಬಾಂಧವರಿಗೆ ಪುಣೆಯ ಗಂಧದ ಕಳವು ಹೊಸ ಸುದ್ದಿಯಲ್ಲ. ಬಂಗಲೆಗಳ ಅಂಗಳದಿಂದ, ವಿದ್ಯಾಸಂಸ್ಥೆಗಳ ಆವರಣದಿಂದ ರಾತ್ರೋರಾತ್ರಿ ಮರ ಕೊಯ್ದೊಯ್ದ ವಾರ್ತೆಗಳು ಇಲ್ಲಿಯ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದಿವೆ. ಈಚೆಗೆ ನಮ್ಮ ಪರಿಚಿತರೊಬ್ಬರ ವಸತಿ ಸಂಘದ ಹಿತ್ತಿಲಲ್ಲಿ, ಯಾರೂ ನೆಡದೆ ಹಕ್ಕಿಯೇ ಬಿತ್ತಿದ ಗಂಧದ ಮರವೊಂದು ಕಂಡುಬಂದಿತು. ಬೇಲಿಗೂ ರಾತ್ರಿ ಕಾವಲಿಗೂ ಮನೆಯೊಂದಕ್ಕೆ ತಿಂಗಳಿಗೆ 30 ರೂಪಾಯಿ ವಂತಿಗೆಯೆಂಬ ಸೂಚನೆಗೆ ಸಭೆಯೆಲ್ಲ ಕೈಯೆತ್ತಿತು. ತಿಂಗಳು ಕಳೆಯಿತು, ಹಣ ಕೊಟ್ಟವರು ಅರ್ಧದಷ್ಟೂ ಇಲ್ಲ.

ಪೇಟೆಯಲ್ಲಿ ಬೆಲೆಯಿಲ್ಲದ ವಸ್ತುವಿನ ಬೆಲೆ ತಿಳಿಯಲು ಅರ್ಥಶಾಸ್ತ್ರಜ್ಞರು ಜನರನ್ನೇ ಕೇಳುವುದುಂಟು: ಈ ಕಾಡು ಉಳಿಯಲು ನೀವೆಷ್ಟು ಕೊಡಬಲ್ಲಿರಿ? ಬಾಯಿ ಹೇಳುವ ಮೊತ್ತ ಕಿಸೆ ಬಿಚ್ಚುವ ಮೊತ್ತಕ್ಕಿಂತ ಹಿರಿದಾಗಿರುವುದೇ ಹೆಚ್ಚೆಂದು ಅವರೂ ಒಪ್ಪುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ಹದಿನೆಂಟು ವರ್ಷ ಕುಳಿತ ನಮಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಳ್ಳೆಯ ಕಾಫಿಗೆ ಎರಡು ರೂಪಾಯಿ ಹೆಚ್ಚು ಕೊಡುವೆವೆಂದ ಗಿರಾಕಿಗಳೇ, ಹಲಗೆಯ ಮೇಲೆ ದರ ಬದಲಾದ ದಿನ ಎದುರು ಹೋಟೆಲಿಗೆ ನಡೆದರು.

ಆದರೆ ದೋಷವೆಲ್ಲ ಜನರದಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆಯೂ ರೈತನ ಹೊಲದ ಗಂಧ ಸರಕಾರದ್ದೇ ಆಗಿ ಉಳಿಯಿತು. ಮರ ಕಳುವಾದರೆ ಉತ್ತರ ಹೇಳಬೇಕಾದವನು ಮಾತ್ರ ರೈತ. ಸಸಿ ಕಂಡಲ್ಲಿ ಕಿತ್ತೆಸೆದವರು ಎಷ್ಟೋ ಮಂದಿ. ನಮ್ಮ ತೀರ್ಥರೂಪರೂ ಅವರಲ್ಲೊಬ್ಬರು. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ನೆಲದೊಡೆಯನೇ ಮರದೊಡೆಯನಾದನು. ಮಗರಪಟ್ಟಾದವರಿಗೆ ಈ ಮರ್ಮ ತಿಳಿಯದ್ದಲ್ಲ. ಇಲ್ಲಿಯ ರೈತ ಕುಟುಂಬಗಳು ಸುಮಾರು 400 ಎಕರೆ ಭೂಮಿಯನ್ನು ಮಾರಿಕೊಳ್ಳದೆ ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಈ ನಗರವನ್ನು ಕಟ್ಟಿದವು.

ಒಡೆತನ ಬಂದರೂ ಗಂಧಕ್ಕೆ ಅವಸರವಿಲ್ಲ. ನೆರೆಯ ಗಿಡಗಳ ಬೇರಿನಿಂದ ಸಾರ ಹೀರಿ ಬೆಳೆಯುವ ಈ ಮರದ ತಿರುಳು ಹದವಾಗಲು ದಶಕಗಳು ಬೇಕು. ಕಡಿದ ತಿರುಳಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ. ನಿಂತ ಮರದ ಕಾವಲಿಗೆ ಮೂವತ್ತು ಭಾರ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿದ್ದರಲ್ಲಿ ಸೋಜಿಗವೇನು?

ಅಂದ ಹಾಗೆ, ಆ ಸಂಘದ ಬಳಿಯ ಉಪಾಹಾರಗೃಹದಲ್ಲಿ ಬಡಿಸುವ ಕುಂದಾಪುರದ ಕಾರ್ಮಿಕನೊಬ್ಬನು ಕೇಳದೆಯೇ 30 ರೂಪಾಯಿ ತಂದುಕೊಟ್ಟನಂತೆ. ಯಾವ ಮನೆಯ ಹೆಸರಿನಲ್ಲಿ ರಸೀತಿ ಬರೆಯಬೇಕೆಂದು ಕಾರ್ಯದರ್ಶಿಗಳಿಗೆ ತಿಳಿಯಲಿಲ್ಲ.